ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪದವಿಗೆ ಅರ್ಜಿ ಹಾಕಬೇಕೆಂದಿರುವವರೂ, ಈಗಷ್ಟೇ ಸೇರಿ ಮೊದಲ ಕೆಲವು ವಾರಗಳ ಪಾಠದ ಭಾರಕ್ಕೆ ಗಾಬರಿಯಾದವರೂ ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳಿವು. ಕೆಲವಕ್ಕೆ ಒಂದೆರಡು ವಾಕ್ಯಗಳ ಉತ್ತರ ಸಾಕು. ಇನ್ನು ಕೆಲವಕ್ಕೆ ನಿಧಾನವಾಗಿಯೇ ಉತ್ತರಿಸಬೇಕು, ಏಕೆಂದರೆ ಅವುಗಳಲ್ಲಿ ಈ ವಿಷಯದ ಜೀವಾಳವೇ ಅಡಗಿದೆ.

ಸಾರ್ವಜನಿಕ ಆರೋಗ್ಯವೆಂದರೆ ವೈದ್ಯಕೀಯದ ಒಂದು ಶಾಖೆಯೇ?

ಅಲ್ಲ. ವೈದ್ಯರ ಮುಂದೆ ಕೂತಿರುವುದು ಒಬ್ಬ ರೋಗಿ. ಸಾರ್ವಜನಿಕ ಆರೋಗ್ಯದವರ ಮುಂದಿರುವುದು ಒಂದು ಇಡೀ ಜನಸಮುದಾಯ, ಅದರಲ್ಲಿ ಕಾಯಿಲೆ ಬೀಳದವರೂ ಸೇರಿದ್ದಾರೆ. ರೋಗವನ್ನು ತಡೆಯುವ, ಆಯುಷ್ಯವನ್ನು ಹೆಚ್ಚಿಸುವ, ಆರೋಗ್ಯವನ್ನು ಬೆಳೆಸುವ ಕೆಲಸವನ್ನು ಸಮುದಾಯದ ಸಂಘಟಿತ ಪ್ರಯತ್ನದಿಂದ ಮಾಡುವ ವಿಜ್ಞಾನ ಮತ್ತು ಕಲೆ ಎಂದು 1920ರಲ್ಲಿ ಅಮೆರಿಕದ ತಜ್ಞ ಚಾರ್ಲ್ಸ್ ಎಡ್ವರ್ಡ್ ವಿನ್‌ಸ್ಲೋ ಇದನ್ನು ವಿವರಿಸಿದರು. ಆ ವಿವರಣೆಯಲ್ಲಿ ಬಹಳ ಮುಖ್ಯವಾದ ಮಾತು ‘ಸಂಘಟಿತ ಪ್ರಯತ್ನ’ ಎಂಬುದು. ಕುಡಿಯುವ ನೀರಿನ ಶುದ್ಧೀಕರಣ, ಲಸಿಕೆ ಅಭಿಯಾನ, ತಂಬಾಕಿನ ಮೇಲಿನ ತೆರಿಗೆ, ಕಾರ್ಖಾನೆಯೊಳಗಿನ ಧೂಳಿನ ನಿಯಂತ್ರಣ ಇವೆಲ್ಲ ಯಾರೊಬ್ಬರ ಔಷಧ ಚೀಟಿಯಿಂದಲೂ ಆಗುವ ಕೆಲಸಗಳಲ್ಲ.

ಎರಡರ ನಡುವಿನ ಅಂತರವನ್ನು ಬ್ರಿಟನ್ನಿನ ತಜ್ಞ ಜೆಫ್ರಿ ರೋಸ್ 1985ರಲ್ಲಿ ಎರಡು ಪ್ರಶ್ನೆಗಳಾಗಿ ಬಿಡಿಸಿಟ್ಟರು. ಈ ವ್ಯಕ್ತಿಗೆ ಈ ಹೊತ್ತಿನಲ್ಲಿ ಈ ರೋಗ ಏಕೆ ಬಂತು ಎಂಬುದು ಒಂದು ಪ್ರಶ್ನೆ. ಈ ಜನಸಮುದಾಯದಲ್ಲಿ ಈ ರೋಗ ಇಷ್ಟೊಂದು ಏಕಿದೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಆಗಿರಬೇಕೆಂದೇನೂ ಇಲ್ಲ. ಎಲ್ಲರೂ ಹೆಚ್ಚು ಉಪ್ಪು ತಿನ್ನುವ ಸಮುದಾಯವೊಂದರಲ್ಲಿ ಒಬ್ಬರಿಗೆ ರಕ್ತದೊತ್ತಡ ಬಂದು ಪಕ್ಕದವರಿಗೆ ಬರದಿರುವುದಕ್ಕೆ ಉಪ್ಪು ಕಾರಣವಾಗಿ ಕಾಣಿಸುವುದೇ ಇಲ್ಲ, ಏಕೆಂದರೆ ಇಬ್ಬರ ತಟ್ಟೆಯಲ್ಲೂ ಅದು ಒಂದೇ ಪ್ರಮಾಣದಲ್ಲಿದೆ. ಅದು ಕಾಣಿಸಬೇಕಾದರೆ ಕಡಿಮೆ ಉಪ್ಪು ತಿನ್ನುವ ಮತ್ತೊಂದು ಸಮುದಾಯದ ಪಕ್ಕದಲ್ಲಿಟ್ಟು ನೋಡಬೇಕು.

ವೈದ್ಯಕೀಯ ಓದದವರು ಸೇರಬಹುದೇ?

ಖಂಡಿತ ಸೇರಬಹುದು. ಹೆಚ್ಚಿನ ವಿಶ್ವವಿದ್ಯಾಲಯಗಳು ಯಾವುದೇ ಸಂಬಂಧಿತ ವಿಷಯದಲ್ಲಿ ಪದವಿ ಪಡೆದವರಿಗೆ ಪ್ರವೇಶ ಕೊಡುತ್ತವೆ. ಕೆಲವು ಕಡೆ ಮಾತ್ರ ಆರೋಗ್ಯ ಕ್ಷೇತ್ರದ ಪದವಿ ಅಥವಾ ಕೆಲಸದ ಅನುಭವವನ್ನು ಕೇಳುತ್ತಾರೆ. ಶುಶ್ರೂಷೆ, ಔಷಧ ವಿಜ್ಞಾನ, ದಂತವೈದ್ಯ, ಪಶುವೈದ್ಯ, ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಕಾನೂನು, ಸಿವಿಲ್ ಎಂಜಿನಿಯರಿಂಗ್ ಓದಿದವರು ಒಂದೇ ಕೊಠಡಿಯಲ್ಲಿ ಕೂರುವುದು ಈ ಪದವಿಯ ದೊಡ್ಡ ಲಾಭ. ಒಂದೇ ಭೇದಿ ಪ್ರಕರಣವನ್ನು ವೈದ್ಯರು ಕರುಳಿನ ಸೋಂಕಾಗಿಯೂ, ಎಂಜಿನಿಯರ್ ಒಡೆದ ಕೊಳವೆಯಾಗಿಯೂ, ಸಮಾಜಶಾಸ್ತ್ರ ಓದಿದವರು ಆ ಕೊಳವೆ ಯಾರ ಬೀದಿಯಲ್ಲಿ ವರ್ಷಗಟ್ಟಲೆ ದುರಸ್ತಿಯಾಗದೆ ಉಳಿದಿದೆ ಎಂಬ ಪ್ರಶ್ನೆಯಾಗಿಯೂ ನೋಡುವುದನ್ನು ಕೇಳಿಸಿಕೊಳ್ಳುವುದೇ ಒಂದು ಪಾಠ.

ಸಾರ್ವಜನಿಕ ಆರೋಗ್ಯದ ಶಾಲೆ ವೈದ್ಯಕೀಯ ಕಾಲೇಜಿನಿಂದ ಬೇರೆಯಾಗಿಯೇ ನಿಲ್ಲಬೇಕೆಂಬ ವಿಚಾರ ಅಮೆರಿಕದಲ್ಲಿ ವಿಲಿಯಂ ವೆಲ್ಚ್ ಮತ್ತು ವಿಕ್ಲಿಫ್ ರೋಸ್ ಅವರ 1915ರ ವರದಿಯಲ್ಲೇ ಇತ್ತು. ಅದರ ಮರುವರ್ಷ, 1916ರಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಶಾಲೆ ಸ್ಥಾಪನೆಯಾಯಿತು.

ಎಂಪಿಎಚ್, ಎಂಎಸ್ಸಿ, ಡಿಆರ್‌ಪಿಎಚ್ — ಇವುಗಳಲ್ಲಿ ವ್ಯತ್ಯಾಸವೇನು?

ಎಂಪಿಎಚ್ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್) ವೃತ್ತಿಪರ ಪದವಿ: ಎಲ್ಲ ಮುಖ್ಯ ವಿಷಯಗಳನ್ನೂ ಮುಟ್ಟಿಸಿ, ಕ್ಷೇತ್ರಕಾರ್ಯ ಮಾಡಿಸಿ, ಕಾರ್ಯಕ್ರಮ ನಡೆಸಬಲ್ಲವರನ್ನು ತಯಾರು ಮಾಡುತ್ತದೆ. ಎಂಎಸ್ಸಿ ಸಾಮಾನ್ಯವಾಗಿ ಒಂದೇ ವಿಷಯದಲ್ಲಿ ಆಳಕ್ಕಿಳಿದು ಸಂಶೋಧನೆಯತ್ತ ಮುಖ ಮಾಡಿರುತ್ತದೆ. ಡಿಆರ್‌ಪಿಎಚ್ (ಡಾಕ್ಟರ್ ಆಫ್ ಪಬ್ಲಿಕ್ ಹೆಲ್ತ್) ಡಾಕ್ಟರೇಟ್ ಮಟ್ಟದ ವೃತ್ತಿಪರ ಪದವಿಯಾಗಿದ್ದು, ಅನುಭವಿಗಳು ನಾಯಕತ್ವದ ಹೊಣೆಗೆ ಸಿದ್ಧರಾಗಲು ಸೇರುತ್ತಾರೆ. ಪಿಎಚ್‌ಡಿ ಸಂಶೋಧಕರ ದಾರಿ. ಹೆಸರುಗಳ ಗಡಿ ಎಲ್ಲೆಡೆ ಒಂದೇ ರೀತಿ ಇಲ್ಲವಾದ್ದರಿಂದ, ಪದವಿಯ ಹೆಸರಿಗಿಂತ ಪಠ್ಯಕ್ರಮದ ಪಟ್ಟಿಯನ್ನೇ ನೋಡಿ ತೀರ್ಮಾನಿಸುವುದು ಒಳ್ಳೆಯದು.

ಅವಧಿ ಎಷ್ಟು, ಏನೇನು ಕಲಿಸುತ್ತಾರೆ?

ಪೂರ್ಣಾವಧಿಯಾದರೆ ಒಂದರಿಂದ ಎರಡು ವರ್ಷ. ಎಪಿಡೆಮಿಯಾಲಜಿ, ಜೈವಿಕ ಸಂಖ್ಯಾಶಾಸ್ತ್ರ, ಪರಿಸರ ಆರೋಗ್ಯ, ಆರೋಗ್ಯ ನೀತಿ ಮತ್ತು ಆಡಳಿತ, ಸಮಾಜ ಹಾಗೂ ನಡವಳಿಕೆಯ ವಿಜ್ಞಾನ ಈ ಐದು ಬಹುಕಾಲದಿಂದ ಈ ಪದವಿಯ ಬುನಾದಿ. ಇವುಗಳ ಮೇಲೆ ತಾಯಿ–ಮಕ್ಕಳ ಆರೋಗ್ಯ, ಪೌಷ್ಟಿಕತೆ, ಮಾನಸಿಕ ಆರೋಗ್ಯ, ಆರೋಗ್ಯ ಅರ್ಥಶಾಸ್ತ್ರದಂಥ ಐಚ್ಛಿಕ ವಿಷಯಗಳು ಬರುತ್ತವೆ. ಕೊನೆಗೆ ಕ್ಷೇತ್ರಕಾರ್ಯ ಮತ್ತು ಪ್ರಬಂಧ.

ಹೆಸರಿನ ಬಗ್ಗೆ ಒಂದು ಮಾತು. ಎಪಿಡೆಮಿಯಾಲಜಿಯನ್ನು ಕನ್ನಡದಲ್ಲಿ ‘ಸಾಂಕ್ರಾಮಿಕ ರೋಗಶಾಸ್ತ್ರ’ ಎನ್ನುವ ರೂಢಿಯಿದೆ. ಈ ಹೆಸರು ವಿದ್ಯಾರ್ಥಿಗಳ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ನಂಟನ್ನು 1950ರಲ್ಲಿ ಗಟ್ಟಿಯಾಗಿ ತೋರಿಸಿಕೊಟ್ಟ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಅಧ್ಯಯನವಾಗಲಿ, ಹೃದ್ರೋಗದ ಕಾರಣಗಳನ್ನು ಹುಡುಕಲು 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಆರಂಭವಾದ ಅಧ್ಯಯನವಾಗಲಿ ಅಂಟುರೋಗದ ಕುರಿತಾದವಲ್ಲ. ಯಾವ ಆರೋಗ್ಯ ಸ್ಥಿತಿಯೇ ಇರಲಿ, ಅದು ಯಾರಲ್ಲಿ, ಎಲ್ಲಿ, ಯಾವಾಗ, ಎಷ್ಟು ಹರಡಿಕೊಂಡಿದೆ ಮತ್ತು ಏಕೆ ಎಂದು ಕೇಳುವುದೇ ಈ ಶಾಸ್ತ್ರ.

ಎಪಿಡೆಮಿಯಾಲಜಿಯ ತರಗತಿಯಲ್ಲಿ ನಿಜವಾಗಿ ಏನು ನಡೆಯುತ್ತದೆ?

ಬಹಳಷ್ಟು ತರಗತಿಗಳು ಓಸ್ವೀಗೊ ಪ್ರಕರಣದಿಂದ ಆರಂಭವಾಗುತ್ತವೆ. 1940ರ ಏಪ್ರಿಲ್ 18ರಂದು ನ್ಯೂಯಾರ್ಕ್ ರಾಜ್ಯದ ಓಸ್ವೀಗೊ ಕೌಂಟಿಯಲ್ಲಿ ಚರ್ಚಿನ ರಾತ್ರಿಯೂಟವೊಂದಕ್ಕೆ ಹೋಗಿದ್ದವರಲ್ಲಿ ಹಲವರು ವಾಂತಿಭೇದಿಯಿಂದ ಮಲಗಿದರು. ತನಿಖೆಗೆ ಬಂದವರು 75 ಮಂದಿಯನ್ನು ಮಾತಾಡಿಸಿದರು. ಅವರಲ್ಲಿ 46 ಮಂದಿ ಕಾಯಿಲೆ ಬಿದ್ದಿದ್ದರು. ಮೇಜಿನ ಮೇಲೆ ಹಂದಿಮಾಂಸ, ಪಾಲಕ್, ಆಲೂಗಡ್ಡೆ, ಕೇಕ್, ಎರಡು ಬಗೆಯ ಐಸ್‌ಕ್ರೀಮ್ ಸೇರಿದಂತೆ ಹತ್ತಕ್ಕೂ ಹೆಚ್ಚು ಪದಾರ್ಥಗಳಿದ್ದವು. ತಪ್ಪು ಯಾವುದರದ್ದು?

ಹೊಸ ವಿದ್ಯಾರ್ಥಿಗಳು ಮೊದಲು ಮಾಡುವುದು ಒಂದೇ: ಕಾಯಿಲೆ ಬಿದ್ದವರು ಏನು ತಿಂದರೆಂದು ಎಣಿಸುತ್ತಾರೆ. 29 ಮಂದಿ ಮಾಂಸ ತಿಂದಿದ್ದಾರೆಂದು ತಿಳಿದಾಗ ಹಲವರು ಅದರತ್ತಲೇ ಬೆರಳು ತೋರಿಸುತ್ತಾರೆ. ಆಗ ನಾವು ಕೇಳುವ ಪ್ರಶ್ನೆ, “ಎಷ್ಟು ಜನರಲ್ಲಿ?” ಮಾಂಸ ತಿಂದವರು 46, ಅವರಲ್ಲಿ ಕಾಯಿಲೆ ಬಿದ್ದವರು 29, ಅಂದರೆ ಶೇ. 63. ತಿನ್ನದವರು 29, ಅವರಲ್ಲಿ ಬಿದ್ದವರು 17, ಶೇ. 59. ತಿಂದರೂ ತಿನ್ನದಿದ್ದರೂ ಹೆಚ್ಚುಕಡಿಮೆ ಒಂದೇ. ಈಗ ವೆನಿಲ್ಲಾ ಐಸ್‌ಕ್ರೀಮಿನ ಲೆಕ್ಕ ನೋಡಿ: ತಿಂದ 54 ಮಂದಿಯಲ್ಲಿ 43 ಮಂದಿಗೆ ಕಾಯಿಲೆ, ಶೇ. 80, ತಿನ್ನದ 21 ಮಂದಿಯಲ್ಲಿ 3 ಮಂದಿಗೆ ಮಾತ್ರ, ಶೇ. 14. ತಿಂದವರ ಅಪಾಯ ತಿನ್ನದವರದ್ದಕ್ಕಿಂತ ಐದೂವರೆ ಪಟ್ಟು.

ಶಾಲೆಯಲ್ಲಿ ಭಿನ್ನರಾಶಿ ಕಲಿತಾಗ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಹೇಳಿಕೊಟ್ಟಿದ್ದರಲ್ಲವೇ? ರೋಗಿಗಳು ಅಂಶ; ಅವರು ಯಾರ ನಡುವಿನಿಂದ ಬಂದರೋ ಆ ಜನರೆಲ್ಲ ಛೇದ. ಆಸ್ಪತ್ರೆಯಲ್ಲಿ ಕೂತವರಿಗೆ ಅಂಶ ತಾನಾಗಿಯೇ ನಡೆದು ಬರುತ್ತದೆ. ಛೇದವನ್ನು ನಾವೇ ಎದ್ದುಹೋಗಿ ಹುಡುಕಬೇಕು. ಈ ಪದವಿ ಮುಖ್ಯವಾಗಿ ಕಲಿಸಿಕೊಡುವುದು ಆ ಹುಡುಕಾಟವನ್ನೇ ಎಂದು ನಾನು ನಂಬಿದ್ದೇನೆ.

ನೂರೈವತ್ತು ವರ್ಷಗಳಿಗೂ ಹಿಂದಿನ ಜಾನ್ ಸ್ನೋ ಅವರ ಕಾಲರಾ ಕಥೆಯನ್ನು ಇಂದಿಗೂ ಏಕೆ ಓದಿಸುತ್ತಾರೆ?

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹರಡಿದಾಗ, ಅಲ್ಲಿಯ ಪಂಪಿನ ನೀರೇ ಕಾರಣವೆಂದು ವೈದ್ಯ ಸ್ನೋ ಅದರ ಹಿಡಿಕೆಯನ್ನು ತೆಗೆಸಿದ್ದು ಎಲ್ಲರಿಗೂ ಗೊತ್ತಿರುವ ಭಾಗ. ಹಿಡಿಕೆ ತೆಗೆಯುವ ಹೊತ್ತಿಗೆ ಅಲ್ಲಿಯ ಸಾವುಗಳು ಇಳಿಮುಖವಾಗಿದ್ದವು ಎಂಬುದನ್ನು ಸ್ನೋ ಅವರೇ ಬರೆದಿದ್ದಾರೆ. ನಾವು ಓದಿಸುವುದು ಅವರು ಅದೇ ವರ್ಷ ಮಾಡಿದ ಇನ್ನೊಂದು ಕೆಲಸಕ್ಕಾಗಿ.

ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳು ಒಂದೇ ಬೀದಿಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ನೀರೆತ್ತುವ ಜಾಗವನ್ನು ಥೇಮ್ಸ್ ನದಿಯಲ್ಲಿ ನಗರದ ಚರಂಡಿಗಳು ಬಂದು ಸೇರುವುದಕ್ಕಿಂತ ಮೇಲ್ಭಾಗಕ್ಕೆ ಸ್ಥಳಾಂತರಿಸಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಕೊಳಕು ಸೇರುವ ಜಾಗದಿಂದಲೇ ನೀರೆತ್ತುತ್ತಿತ್ತು. ಸ್ನೋ ಸಾವಾದ ಮನೆಗಳಿಗೆ ಹೋಗಿ ನೀರು ಯಾರದೆಂದು ಕೇಳಿದರು. ಹಲವು ಬಾಡಿಗೆದಾರರಿಗೆ ಅದು ಗೊತ್ತೇ ಇರಲಿಲ್ಲ. ಅಂಥ ಮನೆಗಳಿಂದ ಒಂದು ಸಣ್ಣ ಸೀಸೆಯಲ್ಲಿ ನೀರು ತಂದು ಸಿಲ್ವರ್ ನೈಟ್ರೇಟ್ ಬೆರೆಸುತ್ತಿದ್ದರು: ಉಪ್ಪು ಹೆಚ್ಚಿದ್ದ ಸದರ್ಕ್ ಕಂಪನಿಯ ನೀರಿನಲ್ಲಿ ದಟ್ಟ ಬಿಳಿ ಗಷ್ಟು ಕಾಣಿಸುತ್ತಿತ್ತು, ಲ್ಯಾಂಬೆತ್ ನೀರಿನಲ್ಲಿ ಅಷ್ಟು ಬರುತ್ತಿರಲಿಲ್ಲ. ಹೀಗೆ ಸಾವುಗಳನ್ನು ಕಂಪನಿವಾರು ವಿಂಗಡಿಸಿ, ಪ್ರತಿ ಕಂಪನಿಯ ನೀರು ಪಡೆಯುತ್ತಿದ್ದ ಮನೆಗಳ ಸಂಖ್ಯೆಯಿಂದ ಭಾಗಿಸಿದರು. ಸದರ್ಕ್ ಕಂಪನಿಯ 40,046 ಮನೆಗಳಲ್ಲಿ 1,263 ಸಾವು. ಲ್ಯಾಂಬೆತ್‌ನ 26,107 ಮನೆಗಳಲ್ಲಿ 98. ಪ್ರತಿ 10,000 ಮನೆಗಳಿಗೆ ಲೆಕ್ಕ ಹಾಕಿದರೆ ಒಂದು ಕಡೆ 315, ಇನ್ನೊಂದು ಕಡೆ 37.

ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಬಹುತೇಕ ವೈದ್ಯರು ನಂಬಿದ್ದ ಕಾಲವದು. ಅಕ್ಕಪಕ್ಕದ ಮನೆಯವರು ಉಸಿರಾಡುತ್ತಿದ್ದ ಗಾಳಿ ಒಂದೇ, ಕುಡಿಯುತ್ತಿದ್ದ ನೀರು ಮಾತ್ರ ಬೇರೆ. ಈ ಸೀಸೆಯ ವಿವರವನ್ನು ತರಗತಿಯಲ್ಲಿ ಹೇಳುವಾಗ ಇಂದಿಗೂ ನನಗೆ ರೋಮಾಂಚನವಾಗುತ್ತದೆ.

ನಾನು ಗಣಿತದಲ್ಲಿ ಹಿಂದೆ. ಸಂಖ್ಯಾಶಾಸ್ತ್ರ ನನ್ನಿಂದಾದೀತೇ?

ಆಗುತ್ತದೆ. ಬುನಾದಿ ತರಗತಿಗೆ ಬೇಕಾದದ್ದು ಕೂಡು, ಕಳೆ, ಗುಣಿಸು, ಭಾಗಿಸು, ಶೇಕಡಾವಾರು, ಸ್ವಲ್ಪ ಬೀಜಗಣಿತ, ಮತ್ತು ಆತುರಪಡದ ಮನಸ್ಸು. ಕಷ್ಟವಾಗುವುದು ಲೆಕ್ಕಕ್ಕಿಂತ ಹೆಚ್ಚಾಗಿ ಉತ್ತರದ ಅರ್ಥ.

ಉದಾಹರಣೆಗೆ, ಒಂದು ತಪಾಸಣಾ ಪರೀಕ್ಷೆ ರೋಗವಿರುವ 100 ಮಂದಿಯಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದ 100 ಮಂದಿಯಲ್ಲಿ 95 ಮಂದಿಗೆ ರೋಗವಿಲ್ಲವೆಂದೇ ಹೇಳುತ್ತದೆ ಎಂದಿಟ್ಟುಕೊಳ್ಳಿ. ಒಳ್ಳೆಯ ಪರೀಕ್ಷೆಯೆಂದೇ ಎಲ್ಲರಿಗೂ ಅನಿಸುತ್ತದೆ. ಇದನ್ನು ಶೇ. 1ರಷ್ಟು ಜನರಿಗೆ ಮಾತ್ರ ರೋಗವಿರುವ 10,000 ಮಂದಿಯ ಮೇಲೆ ನಡೆಸೋಣ. ರೋಗವಿರುವ 100 ಮಂದಿಯಲ್ಲಿ 90 ಮಂದಿ ಪಾಸಿಟಿವ್. ರೋಗವಿಲ್ಲದ 9,900 ಮಂದಿಯಲ್ಲಿ ಶೇ. 5, ಅಂದರೆ 495 ಮಂದಿ ಕೂಡ ಪಾಸಿಟಿವ್. ಒಟ್ಟು 585 ಪಾಸಿಟಿವ್‌ಗಳಲ್ಲಿ ನಿಜವಾದ ರೋಗಿಗಳು 90, ಅಂದರೆ ಸುಮಾರು ಶೇ. 15. ಉಳಿದ 495 ಮಂದಿ ಮನೆಗೆ ಹೋಗಿ ನಿದ್ದೆಗೆಡುವ ಆರೋಗ್ಯವಂತರು. ಇದರಲ್ಲಿ ಗುಣಾಕಾರಕ್ಕಿಂತ ಕಠಿಣವಾದ ಗಣಿತ ಯಾವುದೂ ಇಲ್ಲ. ಆದರೆ ಇದನ್ನು ಅರ್ಥಮಾಡಿಕೊಂಡವರು ಎಲ್ಲರಿಗೂ ಎಲ್ಲ ಪರೀಕ್ಷೆಗಳನ್ನೂ ಮಾಡಿಬಿಡೋಣ ಎಂದು ಇನ್ನೆಂದೂ ಹೇಳುವುದಿಲ್ಲ.

ಯಾವ ಸಾಫ್ಟ್‌ವೇರ್ ಕಲಿಯಬೇಕು?

ಅಂಕಿಅಂಶದ ವಿಶ್ಲೇಷಣೆಗೆ ಆರ್ (R) ಉಚಿತವಾಗಿ ಸಿಗುತ್ತದೆ, ಅದನ್ನು ಕಲಿತರೆ ಕೈ ಬಿಡುವುದಿಲ್ಲ. ಸ್ಟಾಟಾ, ಎಸ್‌ಪಿಎಸ್‌ಎಸ್, ಎಸ್‌ಎಎಸ್ ಎಂಬವೂ ಬಳಕೆಯಲ್ಲಿವೆ. ನಕ್ಷೆಗಳಿಗೆ ಕ್ಯೂಜಿಐಎಸ್ ಇದೆ, ಅದೂ ಉಚಿತ. ಒಂದನ್ನು ಚೆನ್ನಾಗಿ ಕಲಿತವರಿಗೆ ಇನ್ನೊಂದು ಕಷ್ಟವಾಗುವುದಿಲ್ಲ.

ಕ್ಷೇತ್ರಕಾರ್ಯದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?

ಪ್ರಶ್ನೆ ಕೇಳುವುದು. “ಕಳೆದ ಎರಡು ವಾರಗಳಲ್ಲಿ ಮಗುವಿಗೆ ಭೇದಿಯಾಗಿತ್ತೇ?” ಎಂಬ ಸರಳ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ತೆಳ್ಳಗೆ ಹೋದರೆ ಭೇದಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ. ತಾಯಿಯ ಮನಸ್ಸಿನಲ್ಲಿರುವ ವ್ಯಾಖ್ಯೆ ಬೇರೆಯೇ ಇರಬಹುದು. ಹಲ್ಲು ಬರುವಾಗ ಹೊಟ್ಟೆ ಸಡಿಲವಾಗುವುದು ಸಹಜವೆಂದು ನಂಬಿದ ತಾಯಿ “ಇಲ್ಲ” ಎನ್ನುತ್ತಾಳೆ. ಆ ಮಗು ಅಷ್ಟಕ್ಕೇ ಅಂಕಿಅಂಶದಿಂದ ಮಾಯವಾಗುತ್ತದೆ, ಮುಂದೆ ಎಂಥ ಸಂಖ್ಯಾಶಾಸ್ತ್ರ ಬಳಸಿದರೂ ಅದನ್ನು ಮರಳಿ ತರಲಾಗದು. ಇದಕ್ಕಾಗಿಯೇ ಪ್ರಶ್ನಾವಳಿಯನ್ನು ಮೊದಲು ಕೆಲವೇ ಮಂದಿಯ ಮೇಲೆ ಪ್ರಯೋಗಿಸಿ, ಅವರು ಪ್ರತಿ ಪದವನ್ನು ಹೇಗೆ ಅರ್ಥಮಾಡಿಕೊಂಡರೆಂದು ಕೇಳಿ ತಿದ್ದಬೇಕು. ಜನರ ಆಡುಮಾತು ಬಲ್ಲ ವಿದ್ಯಾರ್ಥಿ ಇಲ್ಲಿ ಸೂತ್ರ ಬಲ್ಲ ವಿದ್ಯಾರ್ಥಿಗಿಂತ ಮುಂದಿರುತ್ತಾನೆ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಗೆ ಹೋಗಿ ಮುಗಿಸಿಬಿಡಬೇಡಿ. ಹಗಲಲ್ಲಿ ಬೀಗ ಹಾಕಿರುವ ಮನೆಯವರು ಬಹುಶಃ ಕೂಲಿಗೆ ಹೋದವರು. ಅವರನ್ನು ಬಿಟ್ಟರೆ ನಿಮ್ಮ ಛೇದದಿಂದ ದುಡಿಯುವವರೇ ಹೊರಬೀಳುತ್ತಾರೆ. ಸಂಜೆ ಮತ್ತೆ ಹೋಗಿ.

ಒಂದು ಸಣ್ಣ ಪ್ರಶ್ನಾವಳಿಗೂ ನೈತಿಕ ಸಮಿತಿಯ ಒಪ್ಪಿಗೆ ಏಕೆ ಬೇಕು?

ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ನಡೆಸಿದ ಅಧ್ಯಯನದಲ್ಲಿ ಸಿಫಿಲಿಸ್ ಇದ್ದ 399 ಕಪ್ಪು ಪುರುಷರಿಗೆ ಅವರ ರೋಗದ ನಿಜಸ್ಥಿತಿಯನ್ನು ತಿಳಿಸಲಿಲ್ಲ. 1940ರ ದಶಕದಲ್ಲಿ ಪೆನಿಸಿಲಿನ್ ಸಾಮಾನ್ಯ ಚಿಕಿತ್ಸೆಯಾದ ಮೇಲೂ ಕೊಡಲಿಲ್ಲ. ರೋಗ ತಾನಾಗಿ ಹೇಗೆ ಮುಂದುವರಿಯುತ್ತದೆಂದು ನೋಡುತ್ತಾ ಕೂತರು. ಇದು ಹೊರಬಿದ್ದ ಮೇಲೆ ಬಂದ 1979ರ ಬೆಲ್ಮಾಂಟ್ ವರದಿ ವ್ಯಕ್ತಿಗೆ ಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಮುಂದಿಟ್ಟಿತು. ನಿಮ್ಮ ಅಧ್ಯಯನ ಈ ತತ್ತ್ವಗಳನ್ನು ಮೀರದಂತೆ ನೋಡಿಕೊಳ್ಳುವುದೇ ನೈತಿಕ ಸಮಿತಿಯ ಕೆಲಸ. ಈ ಕೃತ್ಯ ನಡೆದದ್ದು ಸಾರ್ವಜನಿಕ ಆರೋಗ್ಯದ ಹೆಸರಿನಲ್ಲೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಒಪ್ಪಿಗೆ ಪತ್ರವನ್ನು ಓದಿ ಹೇಳಲು ಹತ್ತು ನಿಮಿಷ ಬೇಕಾದರೆ ಹತ್ತು ನಿಮಿಷ ಕೊಡಿ. ಬೇಡವೆಂದವರ ಮುಂದೆ ಎರಡನೆಯ ಸಲ ಒತ್ತಾಯಿಸಬೇಡಿ. ಸಮಿತಿಯ ಒಪ್ಪಿಗೆಗೆ ವಾರಗಳೇ ಹಿಡಿಯುವುದರಿಂದ ಅರ್ಜಿಯನ್ನು ಬೇಗ ಹಾಕಿ.

ಪ್ರಬಂಧದ ವಿಷಯವನ್ನು ಹೇಗೆ ಆರಿಸಿಕೊಳ್ಳಬೇಕು?

ಚಿಕ್ಕದಾಗಿ ಆರಿಸಿಕೊಳ್ಳಿ. “ಯುವಜನರಲ್ಲಿ ಮಾನಸಿಕ ಆರೋಗ್ಯ” ಎಂಬುದು ವಿಷಯವಲ್ಲ, ಒಂದು ಸಾಗರ. ಯಾರು, ಯಾವ ವಯಸ್ಸಿನವರು, ಯಾವ ಸ್ಥಿತಿ, ಯಾವುದಕ್ಕೆ ಹೋಲಿಸಿ, ಯಾವ ಅವಧಿಯಲ್ಲಿ ಎಂದು ಒಂದೇ ವಾಕ್ಯದಲ್ಲಿ ಹೇಳಲಾಗುವವರೆಗೂ ಅದನ್ನು ಕತ್ತರಿಸುತ್ತಲೇ ಇರಿ. ಆಮೇಲೆ ಆ ವಾಕ್ಯಕ್ಕೆ ಬೇಕಾದ ಮಾಹಿತಿ ನಿಮ್ಮ ಕೈಗೆ ಎಟಕುತ್ತದೆಯೇ ಎಂದು ನೋಡಿ. ಹೊಸದಾಗಿ ಮಾಹಿತಿ ಸಂಗ್ರಹಿಸಿದರೇ ಒಳ್ಳೆಯ ಪ್ರಬಂಧವೆಂಬ ನಂಬಿಕೆ ತಪ್ಪು. ಈಗಾಗಲೇ ಇರುವ ಸಮೀಕ್ಷೆಯೊಂದರ ಮಾಹಿತಿಯನ್ನು ಹೊಸ ಪ್ರಶ್ನೆಯೊಡನೆ ಓದಿದ ಪ್ರಬಂಧಗಳೇ ಎಷ್ಟೋ ಸಲ ಗಟ್ಟಿಯಾಗಿರುತ್ತವೆ.

ಕೆಲಸ ಮಾಡುತ್ತಲೇ ಓದಬಹುದೇ?

ಅರೆಕಾಲಿಕ ಮತ್ತು ಆನ್‌ಲೈನ್ ಪದವಿಗಳು ಹಲವಿವೆ. ಆರೋಗ್ಯ ಇಲಾಖೆ, ಆಸ್ಪತ್ರೆ ಅಥವಾ ಸ್ವಯಂಸೇವಾ ಸಂಸ್ಥೆಯಲ್ಲಿರುವವರಿಗೆ ಇದು ಒಳ್ಳೆಯ ದಾರಿ, ಏಕೆಂದರೆ ಹಿಂದಿನ ರಾತ್ರಿ ಓದಿದ್ದನ್ನು ಮರುದಿನವೇ ಕೆಲಸದಲ್ಲಿ ಪರೀಕ್ಷಿಸಬಹುದು. ಕ್ಷೇತ್ರಕಾರ್ಯವನ್ನು ಹೇಗೆ ಮಾಡಿಸುತ್ತಾರೆಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಸಂಸ್ಥೆಯನ್ನು ಆರಿಸುವಾಗ ಏನು ಕೇಳಬೇಕು?

ಮಾನ್ಯತೆ ಇದೆಯೇ, ಬೋಧಕರು ಈಗ ಯಾವ ಅಧ್ಯಯನ ನಡೆಸುತ್ತಿದ್ದಾರೆ, ವಿದ್ಯಾರ್ಥಿಗಳನ್ನು ಎಲ್ಲಿಗೆ ಕ್ಷೇತ್ರಕಾರ್ಯಕ್ಕೆ ಕಳಿಸುತ್ತಾರೆ, ಪ್ರತಿ ಮಾರ್ಗದರ್ಶಕರ ಕೆಳಗೆ ಎಷ್ಟು ಮಂದಿ ಇರುತ್ತಾರೆ ಎಂದು ಕೇಳಿ. ಈಗ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳ ಜತೆ ಅರ್ಧ ಗಂಟೆ ಮಾತಾಡಿದರೆ ಯಾವ ರ‍್ಯಾಂಕಿಂಗ್ ಪಟ್ಟಿಯೂ ಹೇಳದ್ದು ತಿಳಿಯುತ್ತದೆ. ವಿದ್ಯಾರ್ಥಿಗಳ ಪ್ರಬಂಧಗಳನ್ನು ನೋಡಲು ಕೊಡುವ ಸಂಸ್ಥೆಯ ಬಗ್ಗೆ ನನಗೆ ಗೌರವ ಹೆಚ್ಚು.

ಓದಿದ ಮೇಲೆ ಎಂಥ ಕೆಲಸ ಸಿಗುತ್ತದೆ?

ಸರ್ಕಾರಿ ಆರೋಗ್ಯ ಕಾರ್ಯಕ್ರಮಗಳು, ರೋಗ ಕಣ್ಗಾವಲು ಘಟಕಗಳು, ಸಂಶೋಧನಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಆಸ್ಪತ್ರೆಗಳ ಗುಣಮಟ್ಟ ವಿಭಾಗಗಳು, ವಿಮೆ ಮತ್ತು ಔಷಧ ಕಂಪನಿಗಳು, ಅಂತರರಾಷ್ಟ್ರೀಯ ಸಂಸ್ಥೆಗಳು. ಆದರೆ ಸೇರುವ ಮೊದಲು ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಶಸ್ತ್ರಚಿಕಿತ್ಸಕರಿಗೆ ತಾವು ಉಳಿಸಿದ ರೋಗಿಯ ಮುಖ ಗೊತ್ತಿರುತ್ತದೆ. ನಿಮಗೆ ಗೊತ್ತಿರುವುದಿಲ್ಲ, ಏಕೆಂದರೆ ನಿಮ್ಮ ಕೆಲಸ ಫಲಿಸಿದಾಗ ಏನೂ ಆಗುವುದಿಲ್ಲ: ಭೇದಿ ಹರಡುವುದಿಲ್ಲ, ಮಗು ಆಸ್ಪತ್ರೆಗೆ ಬರುವುದಿಲ್ಲ. ಸಿಡುಬಿನ ಕೊನೆಯ ಸಹಜ ಪ್ರಕರಣ 1977ರ ಅಕ್ಟೋಬರಿನಲ್ಲಿ ಸೊಮಾಲಿಯಾದಲ್ಲಿ ಕಂಡಿತು. 1980ರಲ್ಲಿ ರೋಗ ನಿರ್ಮೂಲವಾಯಿತೆಂದು ಘೋಷಿಸಿದರು. ಅಂದಿನಿಂದ ಸಿಡುಬು ಬರದೇ ಉಳಿದವರಲ್ಲಿ ಯಾರೊಬ್ಬರೂ ಆ ಲಸಿಕೆ ತಂಡಗಳಿಗೆ ಧನ್ಯವಾದ ಹೇಳಲು ಹೋಗಿಲ್ಲ, ಹೋಗಬೇಕೆಂದು ಅವರಿಗೆ ತೋಚಲು ಕಾರಣವೂ ಇಲ್ಲ. ಆ ಕೊನೆಯ ರೋಗಿ ಅಲಿ ಮಾವ್ ಮಾಲಿನ್ ಬದುಕುಳಿದು, ಮುಂದೆ ಪೋಲಿಯೊ ಲಸಿಕೆ ಅಭಿಯಾನದಲ್ಲಿ ಸ್ವತಃ ದುಡಿದು, ಹಿಂಜರಿಯುವ ತಂದೆತಾಯಿಗಳಿಗೆ ತಮ್ಮ ಕಥೆಯನ್ನೇ ಹೇಳುತ್ತಿದ್ದರು.

ಅರ್ಜಿಯ ಜತೆಗಿನ ಉದ್ದೇಶ ಪತ್ರದಲ್ಲಿ ಏನು ಬರೆಯಬೇಕು?

ಜನಸೇವೆ ಮಾಡುವ ಆಸೆ ನಿಮಗಿದೆಯೆಂದು ಓದುವವರು ಮೊದಲೇ ನಂಬಿರುತ್ತಾರೆ, ಅದಕ್ಕೆ ಒಂದು ಪುಟ ಬೇಡ. ನೀವು ಕಣ್ಣಾರೆ ಕಂಡ ಒಂದೇ ಒಂದು ಆರೋಗ್ಯ ಸಮಸ್ಯೆಯನ್ನು ಸ್ಪಷ್ಟವಾಗಿ ವಿವರಿಸಿ, ಅದರ ಬಗ್ಗೆ ನಿಮಗೆ ಉತ್ತರ ಸಿಗದ ಪ್ರಶ್ನೆಯನ್ನು ಹೇಳಿ, ಆ ಉತ್ತರಕ್ಕೆ ಈ ಪದವಿಯ ಯಾವ ಪಾಠ ಬೇಕೆಂದು ಬರೆಯಿರಿ.

ಸೇರುವ ಮೊದಲು ಏನು ತಯಾರಿ ಮಾಡಿಕೊಳ್ಳಬಹುದು?

ದಿನವೂ ಒಂದು ಆರೋಗ್ಯ ಸುದ್ದಿಯನ್ನು ತೆಗೆದುಕೊಂಡು, ಅದರಲ್ಲಿರುವ ಸಂಖ್ಯೆಗೆ ಛೇದವನ್ನು ಕೊಟ್ಟಿದ್ದಾರೆಯೇ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಕೊಟ್ಟಿಲ್ಲದಿದ್ದರೆ ಅದು ಯಾವುದಿರಬೇಕಿತ್ತೆಂದು ಬರೆಯಿರಿ. ಇದರ ಜತೆಗೆ, ಓಸ್ವೀಗೊ ಊಟದ 75 ಮಂದಿಯ ಪಟ್ಟಿ ತರಬೇತಿಗಾಗಿ ಮುಕ್ತವಾಗಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಪ್ರತಿ ಪದಾರ್ಥದ ಲೆಕ್ಕವನ್ನೂ ಕೈಯಾರೆ ಮಾಡಿ. ಆಮೇಲೆ ವೆನಿಲ್ಲಾ ಐಸ್‌ಕ್ರೀಮ್ ತಿನ್ನದೆಯೂ ಕಾಯಿಲೆ ಬಿದ್ದ ಆ 3 ಮಂದಿಯ ಸಾಲುಗಳಿಗೆ ಮರಳಿ ಬನ್ನಿ. ಅವರಿಗೆ ಏನಾಗಿರಬಹುದೆಂದು ನಿಮ್ಮದೇ ಮಾತುಗಳಲ್ಲಿ ಒಂದು ಪುಟ ಬರೆದು, ಮೊದಲ ದಿನ ತರಗತಿಗೆ ತನ್ನಿ.